ಸ್ಪಷ್ಟನೆ: ಕಿರುಬೆರಳಿನ ಸಂದೇಶ ನಿಜವಲ್ಲ

‘ಕಿರುಬೆರಳು ಮಡಚದವರು ಅನ್ಯಗ್ರಹದವರು, 1967ರಲ್ಲೇ ಅಮೆರಿಕ ಸರ್ಕಾರ ಎಚ್ಚರಿಸಿತ್ತು’ ಎಂಬ ಸಂದೇಶ ಹರಿದಾಡುತ್ತಿದೆ. ಮೊನ್ನೆ ನಾನೂ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಇದು ‘ದಿ ಇನ್ವೇಡರ್ಸ್’ ಎಂಬ ಅಮೆರಿಕದ ಟಿವಿ ಧಾರಾವಾಹಿಯ ಕಥೆ. ಮೊದಲ ಕಂತು ‘ಬೀಚ್‌ಹೆಡ್’ 1967ರ ಜನವರಿ 10ರಂದು ಎಬಿಸಿ ಎಂಬ ಅಲ್ಲಿನ ಟಿವಿ ವಾಹಿನಿಯಲ್ಲಿ ಬಂತು. ರಾತ್ರಿ ದಾರಿ ತಪ್ಪಿದ ಆರ್ಕಿಟೆಕ್ಟ್ ಡೇವಿಡ್ ವಿನ್ಸೆಂಟ್ ಕಣ್ಣೆದುರೇ ಅನ್ಯಗ್ರಹದವರ ಹಾರುವ ತಟ್ಟೆಯೊಂದು ಇಳಿಯುತ್ತದೆ. ಪಾತ್ರ ಮಾಡಿದವರು ರಾಯ್ ಥಿನ್ನೆಸ್. ನೆಟ್ಟಗೆ ಚಾಚಿದ ಕಿರುಬೆರಳು ಆ ಕಥೆಯಲ್ಲಿ ಅನ್ಯಗ್ರಹದವರ ಗುರುತು, ಅದೂ ಅವರೆಲ್ಲರಿಗೂ ಇಲ್ಲ!

ಹುಟ್ಟಿನಿಂದಲೋ ಪೆಟ್ಟಿನಿಂದಲೋ ಬೆರಳು ಮಡಚಲಾಗದ ಮಕ್ಕಳಿದ್ದಾರೆ. ಸುಮ್ನೆ ಅವರನ್ನು ನೋಯಿಸುವುದು ಬೇಡ ಅಲ್ವಾ? ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಅಳಿಸಿಬಿಡಿ.