ಬಟನ್ ಮೇಲೆ ಬರೆದದ್ದು ‘ರಾಕ್’

ಕೀಬೋರ್ಡ್ ಇರುವ ಮನೆಗೆ ಮಕ್ಕಳು ಬಂದರೆ ಮೊದಲು ಕೈ ಹಾಕುವುದು ಬಿಳಿ-ಕಪ್ಪು ಕೀಗಳಿಗಲ್ಲ, ತಾಳದ ಬಟನ್ನಿಗೆ. ಡುಮ್ ಟಕ್, ಡುಮ್ ಟಕ್ ಅಂತ ಶುರುವಾಯಿತೋ, ಒಳಗಿಂದ ಕೂಗು: ‘ಅದನ್ನ ನಿಲ್ಸೋ ಮಾರಾಯ!’ ನಾನೂ ಹಾಗೆ ಬೈಸಿಕೊಂಡವನೇ. ಅದಕ್ಕೇ ಸ್ಲೆಂಗ್ ಟೆಂಗ್ ಅನ್ನೋ ಜಮೈಕಾದ ರಿಡಿಮ್ ಇಂಥದ್ದೇ ಬಟನ್ನಿನಿಂದ ಹುಟ್ಟಿದ ಕಥೆ ಕೇಳಿದಾಗ ಒಳಗೊಳಗೇ ಖುಷಿಯಾಯಿತು.

ಜಮೈಕಾದ ರೆಗೆ, ಡ್ಯಾನ್ಸ್‌ಹಾಲ್ ಸಂಗೀತದ ಮಂದಿಗೆ ರಿಡಿಮ್ ಅಂದರೆ ಹಾಡಿನ ಕೆಳಗೆ ಓಡುವ ಡ್ರಮ್ ಮತ್ತು ಬೇಸ್ (ತಗ್ಗಿನ ಸ್ವರಗಳ ಓಟ). ಅದೊಂದು ಸಿದ್ಧವಾದರೆ ಯಾರು ಬೇಕಾದರೂ ಅದರ ಮೇಲೆ ತಮ್ಮ ಹಾಡು ಕೂರಿಸಬಹುದು. ನಮ್ಮ ಭಜನಾ ಮಂಡಳಿಯವರು ಸಿನಿಮಾ ಧಾಟಿಗೆ ದೇವರ ಪದ ಹಾಡುತ್ತಾರಲ್ಲ, ಸುಮಾರು ಹಾಗೆ. ಆದರೆ ಅಲ್ಲಿ ಎರವಲು ತರುವುದು ಧಾಟಿಯನ್ನಲ್ಲ, ಅದು ನಿಂತ ನೆಲವನ್ನು.

ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ನೋಯೆಲ್ ಡೇವಿ ಹತ್ತಿರ ಕ್ಯಾಸಿಯೊ ಎಂಟಿ-40 ಅನ್ನೋ ಪುಟ್ಟ ಕೀಬೋರ್ಡ್ ಇತ್ತು. ಅದರಲ್ಲಿ ಕಂಪನಿಯವರೇ ತುಂಬಿಟ್ಟಿದ್ದ ‘ರಾಕ್’ ತಾಳ ಅವನಿಗೂ ಗೆಳೆಯ, ಹಾಡುಗಾರ ವೇಯ್ನ್ ಸ್ಮಿತ್‌ಗೂ ಹಿಡಿಸಿತು. ಇಬ್ಬರೂ ಅದನ್ನು ಅದೇ ಊರಿನ ವಾಟರ್‌ಹೌಸ್ ಬಡಾವಣೆಯ ಸಂಗೀತ ನಿರ್ಮಾಪಕ ಕಿಂಗ್ ಜ್ಯಾಮಿಯ ಸ್ಟುಡಿಯೊಗೆ ಒಯ್ದರು. ತಾಳದ ಓಟ ಜಾಸ್ತಿಯಿತ್ತು. ಜ್ಯಾಮಿ ಅದನ್ನು ನಿಧಾನ ಮಾಡಿಸಿದ. ಅಷ್ಟಕ್ಕೇ ಆಟಿಕೆಯಂತಿದ್ದ ಸದ್ದಿಗೆ ಸೊಂಟ ಬಂತು! ಅದರ ಮೇಲೆ ಸ್ಮಿತ್ ಹಾಡಿದ್ದು ‘ಅಂಡರ್ ಮಿ ಸ್ಲೆಂಗ್ ಟೆಂಗ್’. ಸ್ಲೆಂಗ್ ಟೆಂಗ್ ಅಂದರೆ ಗಾಂಜಾ. ಅದು ಸಾಕು, ಕೊಕೇನ್ ಸಹವಾಸ ಬೇಡ ಅನ್ನುತ್ತಾನೆ ಪುಣ್ಯಾತ್ಮ.

ಸೌಂಡ್ ಸಿಸ್ಟಮ್ ಅಂದರೆ ಅಲ್ಲಿ ದೊಡ್ಡ ಸ್ಪೀಕರ್ ಇಟ್ಟು ಕುಣಿತಕ್ಕೆ ಹಾಡು ಹಾಕುವ ತಂಡ. 1985ರ ಫೆಬ್ರವರಿಯಲ್ಲಿ ಜ್ಯಾಮಿಯ ಸೌಂಡ್ ಸಿಸ್ಟಮ್‌ಗೂ ಬ್ಲ್ಯಾಕ್ ಸ್ಕಾರ್ಪಿಯೊ ತಂಡಕ್ಕೂ ಜಿದ್ದಾಜಿದ್ದಿ ಏರ್ಪಟ್ಟಿತ್ತು. ಆ ರಾತ್ರಿ ಜ್ಯಾಮಿ ಈ ರಿಡಿಮ್ ಹೊರತೆಗೆದ. ಆಮೇಲೆ ಎಲ್ಲರಿಗೂ ಅದೇ ಬೇಕಾಯಿತು. ನೂರಾರು ಹಾಡು ಬಂದವು. ಕೈಯಲ್ಲಿ ಡ್ರಮ್, ಬೇಸ್ ನುಡಿಸಿ ಹೊಟ್ಟೆ ಹೊರೆಯುತ್ತಿದ್ದವರಿಗೆ ಮಾತ್ರ ಕೆಲಸ ಕಡಿಮೆಯಾಗುತ್ತ ಹೋಯಿತು.

ಒಂದೇ ತಾಳದ ಮೇಲೆ ನೂರಾರು ಹಾಡು ಅಂದರೆ ಬೇಜಾರಾಗಲ್ವಾ? ಆಗಬೇಕಿತ್ತು. ನಾನು ಒಂದು ಸಂಜೆ ಮೂರು ಹಾಡು ಬೆನ್ನುಬೆನ್ನಿಗೆ ಹಾಕಿ ಕೂತೆ. ಸ್ಮಿತ್ ತಾಳದ ಜೊತೆಗೇ ಹೆಜ್ಜೆ ಹಾಕುತ್ತಾನೆ, ಆಚೀಚೆ ನೋಡುವುದಿಲ್ಲ. ‘ಬಡ್ಡಿ ಬೈ’ ಹಾಡುವ ಜಾನಿ ಆಸ್ಬೋರ್ನ್ ಹಳೆಯ ಕೈ. ಹೊಸ ಯಂತ್ರದ ಮೇಲೆ ಸ್ವಂತ ಜಗಲಿಯ ಮೇಲೆ ಕೂತಷ್ಟು ಆರಾಮಾಗಿದ್ದಾನೆ. ‘ಪಂಪ್ಕಿನ್ ಬೆಲಿ’ಯ ಟೆನರ್ ಸಾ ಹಾಗಲ್ಲ. ಮೂಗಿನಲ್ಲಿ ಎಳೆಯುವ ಕಂಠ. ಈಗ ಸ್ವರ ಜಾರಿತು, ಈಗ ಜಾರಿತು ಅನ್ನಿಸುತ್ತದೆ, ಜಾರುವುದಿಲ್ಲ. ಕೆಳಗೆ ಬೇಸ್ ಒಂದಿಷ್ಟೂ ಅಲುಗದೆ ನಿಂತಿರುತ್ತದಲ್ಲ, ಅದಕ್ಕೇ ಅವನ ಆ ತೂರಾಟ ಅಷ್ಟು ಚೆಂದ. 1988ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಹೋಗಿಬಿಟ್ಟ. ನನಗೆ ಮೂವರಲ್ಲಿ ಅವನೇ ಇಷ್ಟ.

ಅಂದಹಾಗೆ, ಆ ತಾಳವನ್ನು ಕೀಬೋರ್ಡಿಗೆ ತುಂಬಿದ್ದು ಹಿರೋಕೊ ಒಕುಡಾ ಅನ್ನೋ ಜಪಾನಿ ಹುಡುಗಿ. 1980ರಲ್ಲಿ ಕ್ಯಾಸಿಯೊ ಸೇರಿದ ಆಕೆಗೆ ಅದು ಶುರುವಿನ ಕೆಲಸ. ಅದಕ್ಕೆ ಮುಂಚೆ ಸಂಗೀತ ಕಾಲೇಜಿನಲ್ಲಿ ಆಕೆ ಪ್ರಬಂಧ ಬರೆದಿದ್ದು ರೆಗೆ ಬಗ್ಗೆ. ಬಟನ್ ಮೇಲೆ ಮಾತ್ರ ‘ರಾಕ್’ ಅಂತಿತ್ತು.