ಒಂದಡಿಕೆ ಭಾವ

ಆಟ ಸೋತದ್ದಕ್ಕೆ ಬೇಜಾರಿಲ್ಲ. ಇಸ್ಪೀಟು ಅಂದಮೇಲೆ ಸೋಲು ಇದ್ದದ್ದೇ. ಆದರೆ ಮೂರು ಎಂಟು ಇಟ್ಟುಕೊಂಡು ನಮ್ಮ ಭಾವನ ಒಂದೇ ಒಂದು ಅಡಿಕೆಗೆ ಸೋಲುವುದಿದೆಯಲ್ಲ, ಅದಕ್ಕೆ ಬೆಳಿಗ್ಗೆ ತೆಳ್ಳೇವು ತಿಂದರೂ ಸಮಾಧಾನ ಬಂದಿಲ್ಲ.

ತಿಥಿ ಊಟಕ್ಕೆ ಅಂತ ಶಿರಸಿ ಹತ್ತಿರದ ಅಕ್ಕನ ಮನೆಗೆ ಹೋದವರು ಮಳೆಗೆ ಸಿಕ್ಕಿ ಅಲ್ಲೇ ಉಳಿದೆವು. ಆಷಾಢದ ಮಳೆ ಗೊತ್ತಲ್ಲ. ಮೊದಲು ಕರೆಂಟು ಹೋಯಿತು, ಹಿಂದೆಯೇ ನೆಟ್‌ವರ್ಕು. ಜಗಲಿಯಲ್ಲಿ ಕಂಬಳಿ ಹಾಸಿದ್ದಾಯಿತು, ಹಲಸಿನ ಹಪ್ಪಳವೂ ಬಂತು. ಇಂಥ ಹೊತ್ತಲ್ಲಿ ನಾವು ಇಪ್ಪತ್ತೆಂಟೋ ರಮ್ಮಿಯೋ ಆಡುವವರು. ಆದರೆ ತಮ್ಮನ ಮಗ, ಬೆಂಗಳೂರು ಮಾಣಿ, ಪೋಕರ್ ಆಡುವಾ ಅಂದ. ಪಾಪ, 2025ರ ಆಗಸ್ಟಿನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆಲ್ಲ ಕೇಂದ್ರದ ಕಾನೂನು ಬೀಗ ಹಾಕಿತಲ್ಲ, ಆವತ್ತಿನಿಂದ ಅವನ ಕೈ ತುರಿಸುತ್ತಿದೆ.

ಚಿಪ್ಸ್ ಎಲ್ಲಿಂದ ತರುವುದು? ಅಟ್ಟದಿಂದ ಚಾಲಿ ಅಡಿಕೆ ಇಳಿಯಿತು. ಎಣಿಸುವ ತಾಳ್ಮೆ ಯಾರಿಗಿದೆ, ಮಾಣಿ ಪಾತ್ರೆಯಲ್ಲಿ ಅಳೆದು ಹಂಚಿದ. ಒಬ್ಬೊಬ್ಬರ ಮುಂದೆ 400ಕ್ಕೆ ಕಡಿಮೆ ಇಲ್ಲ. ಬ್ಲೈಂಡು ಅಂದರೆ ಎಲೆ ನೋಡುವ ಮೊದಲೇ ಇಡುವ ಕಟ್ಟು, ಅದು ಒಂದು ಮತ್ತು ಎರಡು ಅಡಿಕೆ. ಅಂದರೆ ದೊಡ್ಡ ಬ್ಲೈಂಡಿನ 200 ಪಟ್ಟು ಎಲ್ಲರ ಹತ್ತಿರವೂ ಇದೆ. ಸಾಮಾನ್ಯವಾಗಿ 100 ಪಟ್ಟು ಇಟ್ಟುಕೊಂಡು ಕೂರುತ್ತಾರಂತೆ. ನಮ್ಮದಕ್ಕೆ 'ಡೀಪ್ ಸ್ಟ್ಯಾಕ್' ಅಂತ ಹೆಸರು ಹೇಳಿ ಮಾಣಿ ಕೈ ಉಜ್ಜಿಕೊಂಡ.

ಅವನಿಗೆ ಭಾವನ ಪರಿಚಯ ಸಾಲದು.

ಭಾವ ಎಲೆ ಹಿಡಿದರೆ ಮೊದಲು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸುತ್ತಾರೆ. ಎಲೆ ನೋಡುತ್ತಾರೆ. ಮಳೆ ನೋಡುತ್ತಾರೆ. ಮತ್ತೆ ಎಲೆ ನೋಡುತ್ತಾರೆ. ರಾಶಿಗೆ ಕೈ ಹಾಕಿ ಒಂದು ಅಡಿಕೆ ತೆಗೆದು, ಅದು ಸಣ್ಣದೋ ದೊಡ್ಡದೋ ಅಂತ ತಿರುಗಿಸಿ ನೋಡಿ, ವಾಪಸು ಇಟ್ಟು, ಅದಕ್ಕಿಂತ ಸಣ್ಣದು ಹುಡುಕಿ ಪಾಟಿಗೆ, ಅಂದರೆ ಎಲ್ಲರ ಪಂದ್ಯ ಸೇರುವ ನಡುವಿನ ಗುಡ್ಡೆಗೆ, ಇಡುತ್ತಾರೆ. ಒಂದು. ಪಾಟಿನಲ್ಲಿ ಆರು ಅಡಿಕೆ ಇದ್ದರೂ ಒಂದು, ಅರವತ್ತು ಇದ್ದರೂ ಒಂದು. "ನೋಡನ," ಅನ್ನುತ್ತಾರೆ.

"ಮಾವ, ಕನಿಷ್ಠ ದೊಡ್ಡ ಬ್ಲೈಂಡಿನಷ್ಟಾದರೂ ಇಡಬೇಕು, ಎರಡು," ಅಂದ ಮಾಣಿ.

ಭಾವ ಆ ಸಣ್ಣದನ್ನು ತೆಗೆದು ದಪ್ಪದೊಂದು ಇಟ್ಟರು. "ಇದು ಎರಡಕ್ಕೆ ಸಮ."

ನನಗೆ ತಡೆಯದಿರುವುದು ಇದು: ಆ ಅಡಿಕೆಯೆಲ್ಲ ಅವರದ್ದೇ! ಅವರದ್ದೇ ತೋಟ, ಅವರದ್ದೇ ಅಟ್ಟ. ಯಾರು ಗೆದ್ದರೂ ಆಟ ಮುಗಿದಮೇಲೆ ಎಲ್ಲಾ ಅವರ ಚೀಲಕ್ಕೇ ಹೋಗುವುದು. ಆದರೂ ಕೈ ಬಿಡುವುದಿಲ್ಲ. ಅಡಿಕೆ ಮಾರುವ ಕ್ರಮವೂ ಇದೇ ಬಿಡಿ. ಅಟ್ಟ ತುಂಬಿದ್ದರೂ ಶಿರಸಿ ಪೇಟೆಗೆ ಹೋಗುವುದು ಒಂದೇ ಚೀಲ. ರೇಟು ಏರಿದರೆ "ಇನ್ನೂ ಏರ್ತು." ಇಳಿದರೆ "ಏರ್ಲಿ."

ಆದರೆ ಪೋಕರಿನಲ್ಲಿ ರಾಶಿ ದೊಡ್ಡದಿದ್ದಷ್ಟೂ ಮೊದಮೊದಲ ಪಂದ್ಯದ ಗಾತ್ರ ಮುಖ್ಯ. ಪಾಟಿನಲ್ಲಿ 10 ಇದೆ ಅನ್ನಿ. ಪಾಟಿನಷ್ಟೇ ಹಾಕಿ, ಎದುರಿನವನೂ ಹಾಕಿದರೆ 30 ಆಗುತ್ತದೆ. ಮುಂದಿನ ಎಲೆಗೆ 90. ಕೊನೆಯ ಎಲೆಗೆ 270. ಮೂರೇ ಸುತ್ತಿಗೆ ಒಬ್ಬೊಬ್ಬನದು 130 ಒಳಗೆ! ಭಾವನ ಲೆಕ್ಕದಲ್ಲಿ ಮೂರು ಸುತ್ತಿಗೆ ಮೂರು ಅಡಿಕೆ. ಮುಂದೆ 400 ಇದ್ದೇನು, 4,000 ಇದ್ದೇನು?

ಮಾಣಿಯದು ಇನ್ನೊಂದು ಅತಿ. ಮೂರು ಅಡಿಕೆಯ ಪಾಟಿಗೆ ಇಡೀ ರಾಶಿ ದೂಡಿ "ಆಲ್ ಇನ್" ಅನ್ನುತ್ತಾನೆ. ಎಲ್ಲರೂ ಎಲೆ ಬಿಸಾಡುತ್ತಾರೆ. ಅವನಿಗೆ ಸಿಗುವುದು ಮೂರು ಅಡಿಕೆ. ಒಮ್ಮೆ ಹತ್ತು–ಎರಡು ಹಿಡಿದೂ ದೂಡಿದ. ಕೇಳಿದರೆ, ಅಮೆರಿಕದ ಪೋಕರ್ ಆಟಗಾರ ಡಾಯ್ಲ್ ಬ್ರನ್ಸನ್ 1976 ಮತ್ತು 1977 ಎರಡೂ ವರ್ಷ ಕೊನೆಯ ಕೈಯಲ್ಲಿ ಅದೇ ಹಿಡಿದು ವಿಶ್ವ ಪಂದ್ಯ ಗೆದ್ದಿದ್ದಾನೆ ಅಂದ. ನಿಜವೇ. ಆದರೆ ಬ್ರನ್ಸನ್ ನಮ್ಮ ದೊಡ್ಡಪ್ಪನ ಎದುರು ಆಡಿರಲಿಲ್ಲ. ದೊಡ್ಡಪ್ಪ ಬೈದರು, ಎಷ್ಟು ಬೇಕಾದರೂ ದೂಡುವ ನೋ ಲಿಮಿಟ್ ರದ್ದಾಗಿ ಪಾಟ್ ಲಿಮಿಟ್ ಬಂತು.

ಪಾಟ್ ಲಿಮಿಟ್‌ನಲ್ಲಿ ಮೊದಲು ಎದುರಿನವನ ಪಂದ್ಯಕ್ಕೆ ಸಮ ಮಾಡಬೇಕು. ಆಮೇಲೆ ಪಾಟಿನಲ್ಲಿ ಎಷ್ಟಾಯಿತೋ ಅಷ್ಟರವರೆಗೆ ಏರಿಸಬಹುದು. ಹಾಗಾಗಿ ಪಾಟ್ ಎಣಿಸಬೇಕು. ಎಣಿಸಿದರೆ ಪ್ರತಿ ಸಲವೂ ಒಂದು ಕಮ್ಮಿ! ನೋಡಿದರೆ ದೊಡ್ಡಪ್ಪ ಅಡಕತ್ತರಿ ಹಿಡಿದು ಪಾಟಿನಿಂದಲೇ ಕವಳ ಹಾಕುತ್ತಿದ್ದಾರೆ. ಬಾಯಿಗೆ ಹೋದ ಅಡಿಕೆ ಪಾಟಿನ ಲೆಕ್ಕಕ್ಕೆ ಸೇರಬೇಕೋ ಬೇಡವೋ ಅಂತ ಚರ್ಚೆ ಎದ್ದಿತು. ಮಾಣಿ ಮೊಬೈಲು ತೆಗೆದ. ನೆಟ್‌ವರ್ಕ್ ಎಲ್ಲಿದೆ?

ಇಷ್ಟರ ಮಧ್ಯೆ ನನಗೆ ಎರಡು ಎಂಟು ಬಂದವು. ಫ್ಲಾಪಿನಲ್ಲಿ, ಅಂದರೆ ಎಲ್ಲರಿಗೂ ಸೇರಿ ನಡುವೆ ತೆರೆದಿಡುವ ಮೊದಲ ಮೂರು ಎಲೆಗಳಲ್ಲಿ, ಆಟಿನ್ ರಾಜ, ಆಟಿನ್ ನಾಲ್ಕು, ಕಳಾವರ್ ಎಂಟು. ಪಾಟಿನಲ್ಲಿ 30. ಭಾವ ಒಂದು ಇಟ್ಟರು. ನಾನು ಪಾಟ್ ಅಂದೆ: ಒಂದು ಸಮಕ್ಕೆ, 32 ಏರಿಕೆ, ಒಟ್ಟು 33. ಜಗಲಿ ಮೌನವಾಯಿತು. ಹಿಸ್ಸೆ ಕೇಳಲು ಬಂದವನನ್ನು ನೋಡುವ ಹಾಗೆ ಎಲ್ಲರೂ ನನ್ನನ್ನು ನೋಡಿದರು.

"ಮನೆಯವರ ಹತ್ರ ಎಂತದು ಇದು?" ಅಂದಳು ಅಕ್ಕ. ಎಲೆ ಬಿಸಾಡಿದಳು. ಉಳಿದವರೂ ಬಿಸಾಡಿದರು. ಭಾವ ಕನ್ನಡಕ ಒರೆಸಿದರು.

"ಮೂವತ್ಮೂರು ಜಾಸ್ತಿ ಆತು. ಹತ್ತಕ್ಕೆ ಆಗ್ತಿಲ್ಯಾ?"

ಪಂದ್ಯಕ್ಕೆ ಚೌಕಾಸಿ! ಆಗುವುದಿಲ್ಲ ಅಂದೆ. "ಹನ್ನೆರಡು?" ಅಂದರು. ದೊಡ್ಡಪ್ಪ ಕವಳ ಉಗುಳಿ ಬಂದು ಹದಿನೈದಕ್ಕೆ ಪಂಚಾಯ್ತಿ ಮುಗಿಸಿದರು. ಭಾವನ ಹತ್ತಿರ ಇದ್ದದ್ದು ಆಟಿನ್ ಎಕ್ಕ, ಆಟಿನ್ ಆರು. ಮುಂದಿನ ಎಲೆಗೆ ಇನ್ನೊಂದು ಆಟಿನ್ ಬೀಳುವುದು ಐದಕ್ಕೆ ಒಂದು ಸಲ. 33ಕ್ಕೇ ಒಪ್ಪಿದ್ದರೆ ಹಾಕಿದ ಒಂದಕ್ಕೆ ಪಾಟಿನಿಂದ ಎರಡು ಸಿಗುತ್ತಿತ್ತು, ನಷ್ಟದ ವ್ಯಾಪಾರ. 15 ಮಾಡಿಸಿಕೊಂಡು ಒಂದಕ್ಕೆ ಮೂರು ಚಿಲ್ಲರೆ ಗಿಟ್ಟಿಸಿದರು. ಪುಸ್ತಕ ಓದಿದವರಿಗೂ ಈ ಬುದ್ಧಿ ಹೊಳೆದಿರಲಿಕ್ಕಿಲ್ಲ.

ಬಿತ್ತು. ಆಟಿನ್ ಒಂಬತ್ತು.

ಐದೂ ಆಟಿನ್ ಸೇರಿ ಫ್ಲಶ್ ಆಯಿತಲ್ಲ, ನನ್ನ ಮೂರು ಎಂಟಿಗಿಂತ ದೊಡ್ಡದು, ಈಗಲಾದರೂ ಪಾಟಿನಷ್ಟು ಹಾಕುತ್ತಾರೆ, ನಾನೂ ಮರ್ಯಾದೆಯಿಂದ ಎಲೆ ಬಿಸಾಡುತ್ತೇನೆ ಅಂದುಕೊಂಡೆ. ಭಾವ ಒಂದು ಅಡಿಕೆ ಇಟ್ಟರು. 59ರ ಪಾಟಿಗೆ ಒಂದು! ಕಾಣದ 46 ಎಲೆಗಳಲ್ಲಿ 10 ನನ್ನ ಕೈಯನ್ನು ಫ್ಲಶ್ಶನ್ನೂ ಹೊಡೆಯುವ ಫುಲ್ ಹೌಸೋ ಅದಕ್ಕಿಂತ ದೊಡ್ಡದೋ ಮಾಡುತ್ತವೆ. ಒಂದು ಅಡಿಕೆಗೆ ಬಿಡಲಿಕ್ಕುಂಟಾ? ಇಟ್ಟೆ. ಬಂದದ್ದು ಇಸ್ಪೀಟ್ ಎರಡು. ಭಾವ ಮತ್ತೆ ಒಂದು. ನಾನೂ ಒಂದು. ಎಲೆ ತೋರಿಸಿದರು. ನನ್ನ ಮುಂದೆ ಇನ್ನೂ ಮುನ್ನೂರೈವತ್ತರ ಮೇಲಿತ್ತು, ಅದರ ಆಸೆಯೇ ಅವರಿಗೆ ಇರಲಿಲ್ಲ.

"ಎಂತಕ್ಕೆ ದೊಡ್ಡದು ಹಾಕಿಲ್ಲ ಭಾವ?" ಅಂತ ಕೇಳಿಯೇಬಿಟ್ಟೆ.

"ಬೇಗ ಮುಗ್ಸಿ ಎಂತ ಮಾಡವು?"

ಮೊದಲೆಲ್ಲ ತಿಥಿ ರಾತ್ರಿ ಇದೇ ಜಗಲಿಯಲ್ಲಿ ಮೂರು ಕಂಬಳಿ, ಮೂರು ಗುಂಪು. ಬೆಳಗಿನ ಜಾವ ಕಷಾಯ ಕುಡಿದು ಏಳುತ್ತಿದ್ದರು. ಈಗ ಒಂದು ಕಂಬಳಿ, ಅದರಲ್ಲೂ ಜಾಗ ಮಿಗುತ್ತದೆ. ಮಳೆ ನಿಂತರೆ ನಾವೂ ಹೊರಡುವವರು. ಭಾವನ ಮಗ ಬರುವುದು ದೀಪಾವಳಿಗೆ, ರಜೆ ಸಿಕ್ಕಿದರೆ.

ಹಾಗಂತ ಸಿಟ್ಟು ಹೋಗಿಲ್ಲ. ಎರಡು ಗಂಟೆಯವರೆಗೆ ಕೂರಿಸಿ, ಗೆದ್ದ ಅಡಿಕೆ ಚೀಲಕ್ಕೆ ತುಂಬುವಾಗ ದೊಡ್ಡಪ್ಪ ಎಷ್ಟು ಕವಳ ಹಾಕಿದರು ಅಂತ ನನ್ನನ್ನೇ ಲೆಕ್ಕ ಕೇಳಿದರು.

ಬೆಳಿಗ್ಗೆ ತೆಳ್ಳೇವು ತಿನ್ನುವಾಗ ಮಾಣಿ ಗೋವಾದ ಕಥೆ ತೆಗೆದ. ಮಾಂಡೋವಿ ನದಿಯಲ್ಲಿ ಹಡಗಿನ ಮೇಲೆಯೇ ಕ್ಯಾಸಿನೋ ಇದೆ, ಕಾರವಾರ ದಾಟಿದರೆ ದೂರವೇನಲ್ಲ ಅಂದ. ಭಾವ ಬೆಲ್ಲ ಹಚ್ಚಿಕೊಳ್ಳುತ್ತಾ ಕೇಳಿದರು: "ಅಲ್ಲಿ ಒಂದೇ ಅಡಿಕೆ ಇಟ್ರೂ ಊಟ ಹಾಕ್ತ್ವಾ?"