ಬೇತಾಳ ಮರಕ್ಕೆ ಹಾರುವ ಮುಂಚೆ ಕಥೆ ಮುಗಿದಿರಬೇಕು

ಇಪ್ಪತ್ತೆರಡು ಪುಟಕ್ಕೆ ನಾಲ್ಕು ಡಾಲರ್ ತೆತ್ತ ಮೇಲೆ ಆ ಪುಟಗಳೊಳಗೆ ಏನಾದರೂ ನಡೆಯಬೇಕು. ಮಾರ್ವೆಲ್‌ನಂಥ ದೊಡ್ಡ ಸಂಸ್ಥೆಗಳ ಹಿಡಿತದ ಹೊರಗೆ ಬರುವ ಅಮೆರಿಕದ ಸ್ವತಂತ್ರ ಕಾಮಿಕ್ಸ್ ಬಗ್ಗೆ ನನ್ನ ತಕರಾರೆಲ್ಲ ಇಷ್ಟೇ. ಈಚೆಗೆ ಎಷ್ಟೋ ಸರಣಿಗಳ ಬಿಡಿ ಸಂಚಿಕೆ ತೆರೆದರೆ ಒಬ್ಬ ನಡೆದು ಬರುತ್ತಾನೆ, ಒಬ್ಬಳು ಕಿಟಕಿಯಾಚೆ ನೋಡುತ್ತಾಳೆ, ಎರಡು ಪುಟ ಮಳೆ ಸುರಿಯುತ್ತದೆ, ಕೊನೆಯ ಪುಟದಲ್ಲಿ ಬಾಗಿಲು ತೆರೆದರೆ ಯಾರೋ ನಿಂತಿರುತ್ತಾರೆ. ಯಾರು ಅಂತ ತಿಳಿಯಲು ಇನ್ನೊಂದು ತಿಂಗಳು, ಇನ್ನು ನಾಲ್ಕು ಡಾಲರ್. ಬರೆಯುವವರ ಕಣ್ಣೆಲ್ಲ ಐದಾರು ಸಂಚಿಕೆ ಸೇರಿಸಿ ಆಮೇಲೆ ತರುವ ಪುಸ್ತಕದ ಮೇಲೆ. ಇಲ್ಲಿಯವರು ಅದಕ್ಕೆ 'ಟ್ರೇಡ್' ಅನ್ನುತ್ತಾರೆ. ತಿಂಗಳು ತಿಂಗಳು ಕೊಳ್ಳುವ ನನ್ನಂಥವನು ಆ ಪುಸ್ತಕದ ಮುದ್ರಣಕ್ಕೆ ಮುಂಗಡ ಕೊಟ್ಟ ಹಾಗಾಯಿತು.

ಕಂತುಗಳಲ್ಲಿ ಓದುವುದನ್ನು ನಾನು ಕಲಿತದ್ದು ಕನ್ನಡದಲ್ಲಿ. ಜಗಳ ತೆಗೆಯುವ ಧೈರ್ಯ ಅಲ್ಲಿಂದಲೇ ಬಂದಿದೆ. ಸುಧಾ ಶುರುವಾದದ್ದು 1965ರಲ್ಲಿ, ತರಂಗ 1983ರಲ್ಲಿ. ಇಂಥ ವಾರಪತ್ರಿಕೆಗಳಲ್ಲಿ ಒಂದು ಧಾರಾವಾಹಿಗೆ ಸಿಗುತ್ತಿದ್ದದ್ದು ಕೆಲವೇ ಪುಟ, ಅದರಲ್ಲೂ ಒಂದಷ್ಟು ಜಾಗವನ್ನು ಚಿತ್ರ ತಿನ್ನುತ್ತಿತ್ತು. ಉಳಿದದ್ದರಲ್ಲೇ ಹೋದ ವಾರ ತಪ್ಪಿಸಿಕೊಂಡವರಿಗೆ ದಾರಿ ತೋರಿಸಬೇಕು, ಒಂದು ಘಟನೆ ನಡೆಸಬೇಕು, ಮುಂದಿನ ವಾರಕ್ಕೆ ಒಂದು ಕೊಕ್ಕೆ ಬಿಡಬೇಕು. ಸಾಹಿತ್ಯದ ಮಾತು ಬಂದಾಗ ಆ ಧಾರಾವಾಹಿಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಿಜ. ಆದರೆ ಕಂತು ಕತ್ತರಿಸುವ ಕಸುಬು ಅವರಿಗೆ ಕರಗತವಾಗಿತ್ತು. ಇಲ್ಲಿ ಪ್ರಶಸ್ತಿಗಳ ಮೇಲೆ ಪ್ರಶಸ್ತಿ ಬಾಚಿಕೊಂಡವರಲ್ಲೂ ಅನೇಕರಿಗೆ ಅದು ಬರುವುದಿಲ್ಲ.

ಆ ಕಸುಬಿನ ಅತ್ಯಂತ ಚೊಕ್ಕ ಮಾದರಿ ಮಾತ್ರ ಮಕ್ಕಳ ಪತ್ರಿಕೆಯಲ್ಲಿತ್ತು. 1949ರಿಂದ ಕನ್ನಡದಲ್ಲೂ ಬಂದ ಚಂದಮಾಮದ ಬೇತಾಳ ಕಥೆಗಳನ್ನು ನೆನೆಸಿಕೊಳ್ಳಿ. ಕೆ.ಸಿ. ಶಿವಶಂಕರನ್ ಬರೆದ ಆ ಚಿತ್ರ: ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ. ಛಲ ಬಿಡದ ತ್ರಿವಿಕ್ರಮ ಪ್ರತಿ ತಿಂಗಳೂ ಅದೇ ಮರಕ್ಕೆ ಹೋಗುತ್ತಾನೆ. ಬೇತಾಳ ಒಂದು ಇಡೀ ಕಥೆ ಹೇಳುತ್ತದೆ, ಕೊನೆಗೊಂದು ಪ್ರಶ್ನೆ ಕೇಳುತ್ತದೆ, ರಾಜ ಬಾಯಿ ಬಿಡುತ್ತಾನೆ, ಮೌನ ಮುರಿಯುತ್ತದೆ, ಬೇತಾಳ ವಾಪಸು ಮರಕ್ಕೆ. ಹೊರಗಿನ ಕಥೆ ದಶಕಗಳ ಕಾಲ ಒಂದಡಿಯೂ ಮುಂದೆ ಹೋಗದಿದ್ದರೂ ಯಾರಿಗೂ ಮೋಸ ಹೋದೆವು ಅನ್ನಿಸಲಿಲ್ಲ. ಕೈಯಲ್ಲಿದ್ದ ಸಂಚಿಕೆಯೊಳಗಿನ ಕಥೆ ಅಲ್ಲೇ ಪೂರ್ತಿಯಾಗುತ್ತಿತ್ತಲ್ಲ. ಹೊಸ ಕಾಮಿಕ್ಸ್ ಬರುವ ಬುಧವಾರ ಅಂಗಡಿಯಿಂದ ತಂದ ಪ್ರತಿಯೊಂದನ್ನೂ ನಾನು ಈ ಅಳತೆಗೋಲಿಗೇ ಒಡ್ಡುತ್ತೇನೆ.

ಇದರಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗುವುದು 'ಐಸ್ ಕ್ರೀಮ್ ಮ್ಯಾನ್'. ಡಬ್ಲ್ಯೂ. ಮ್ಯಾಕ್ಸ್‌ವೆಲ್ ಪ್ರಿನ್ಸ್ ಕಥೆ, ಮಾರ್ಟಿನ್ ಮೊರಾಝೊ ಚಿತ್ರ, 2018ರಲ್ಲಿ ಶುರುವಾದದ್ದು. ಪ್ರತಿ ಸಂಚಿಕೆಗೂ ಬೇರೆ ಬೇರೆ ಜನ, ಬೇರೆ ಬೇರೆ ದುಃಖ. ಬಿಳಿ ಉಡುಪಿನ ಒಬ್ಬ ಐಸ್ ಕ್ರೀಮ್ ಮಾರುವವನು ಮಾತ್ರ ಎಲ್ಲ ಕಥೆಗಳ ಅಂಚಿನಲ್ಲೂ ಹಲ್ಲು ಕಿರಿಯುತ್ತ ಸುಳಿಯುತ್ತಾನೆ. ಬೇತಾಳನ ವಂಶದವನೇ. 13ನೆಯ ಸಂಚಿಕೆಯನ್ನು ಮುಂದಿನಿಂದಲೂ ಹಿಂದಿನಿಂದಲೂ ಓದಬಹುದು. ಅಂಥ ಕಸರತ್ತು ಮಾಡುವಾಗಲೂ ಎದೆ ಹಿಂಡುವುದನ್ನು ಆ ಲೇಖಕ ಮರೆಯಲಿಲ್ಲ. ಈಚಿನ ಸಂಚಿಕೆಗಳು ಒಂದೇ ಮಟ್ಟದಲ್ಲಿಲ್ಲ. ಕೆಲವದರಲ್ಲಿ ಕಸರತ್ತೇ ಕಥೆಯನ್ನು ನುಂಗಿ, ಓದಿ ಮುಗಿಸಿದಾಗ 'ಜಾಣ ಕಣಪ್ಪಾ' ಅನ್ನಿಸುತ್ತದೆಯೇ ಹೊರತು ಒಳಗೇನೂ ಅಲುಗುವುದಿಲ್ಲ. ಹಾಗಿದ್ದರೂ ದುಡ್ಡು ದಂಡ ಅನ್ನಿಸಿಲ್ಲ. ಚೆನ್ನಾಗಿಲ್ಲದಿದ್ದರೂ ಅದು ಅಲ್ಲಿಗೆ ಮುಗಿಯುತ್ತದೆ, ಮುಂದಿನ ತಿಂಗಳು ಬೇರೆ ಕಥೆ.

ಕಾದಾಡುತ್ತಿರುವ ಎರಡು ಲೋಕಗಳ ಗಂಡ-ಹೆಂಡತಿ ಪುಟ್ಟ ಮಗಳನ್ನು ಕಟ್ಟಿಕೊಂಡು ತಲೆಮರೆಸಿ ಓಡುವ ಕಥೆ 'ಸಾಗಾ'. ಅದರ ವಿಷಯಕ್ಕೆ ಬಂದರೆ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ. ಕಥೆಯ ಬ್ರಯಾನ್ ಕೆ. ವಾನ್ ಮತ್ತು ಚಿತ್ರದ ಫಿಯೋನಾ ಸ್ಟೇಪಲ್ಸ್ 2012ರಲ್ಲಿ ಆರಂಭಿಸಿ, 2018ರ ಜುಲೈಯಲ್ಲಿ 54ನೆಯ ಸಂಚಿಕೆಗೆ ನಿಲ್ಲಿಸಿ, 2022ರ ಜನವರಿಯವರೆಗೆ ಬಾಗಿಲು ಹಾಕಿಕೊಂಡರು. ನಮ್ಮ ಯಾವ ವಾರಪತ್ರಿಕೆಯ ಸಂಪಾದಕರಾದರೂ ಇದನ್ನು ಸಹಿಸುತ್ತಿದ್ದರೇ? ಮರಳಿ ಬಂದಾಗ 55ನೆಯ ಸಂಚಿಕೆ 44 ಪುಟ, ಬೆಲೆ ಹಳೆಯ 2.99 ಡಾಲರೇ. ಕಾಯಿಸಿದ್ದಕ್ಕೆ ತೆತ್ತ ದಂಡ ಅಂದುಕೊಂಡು ನಾನು ಸಮಾಧಾನಪಟ್ಟೆ. ಈಗಲೂ ಅವರ ಪದ್ಧತಿ ಒಂದಷ್ಟು ಸಂಚಿಕೆ ಸರಸರ ತಂದು, ಆಮೇಲೆ ತಿಂಗಳುಗಟ್ಟಲೆ ರಜೆ ಹೋಗುವುದು. ಮರಳಿದ ಮೇಲಿನ ಕಂತುಗಳಲ್ಲಿ ಮೊದಲಿನ ಓಟ ಇಲ್ಲ. ತಂದೆಯನ್ನು ಕಳೆದುಕೊಂಡ ಹೇಜಲ್ ಬೆಳೆಯುತ್ತಿದ್ದಾಳೆ, ತಾಯಿ ಅಲಾನಾ ಹೊಟ್ಟೆಪಾಡಿಗೆ ಕಂಡಕಂಡ ಕೆಲಸಕ್ಕೆ ಕೈ ಹಾಕುತ್ತಿದ್ದಾಳೆ. ಯುದ್ಧ ಹಿಂದೆ ಸರಿದು ಸಂಸಾರ ಮುಂದೆ ಬಂದಿದೆ. ನನ್ನ ಗೆಳೆಯರಿಗೆ ಇದು ಬೇಸರ. ನನಗಂತೂ ಸಂಸಾರದ ಧಾರಾವಾಹಿ ಓದಿ ಬೆಳೆದ ಕಾರಣಕ್ಕೋ ಏನೋ, ಈ ಭಾಗವೇ ಹೆಚ್ಚು ಹಿಡಿಸಿತು. ಸ್ಟೇಪಲ್ಸ್ ಬರೆಯುವ ಮುಖಗಳಲ್ಲಿ ಸಿಟ್ಟು, ನಾಚಿಕೆ, ಸುಳ್ಳು ಹೇಳುವ ಮುಂಚಿನ ತಡವರಿಕೆ ಎಲ್ಲ ಮಾತಿನ ಹಂಗಿಲ್ಲದೆ ಕಾಣುತ್ತವೆ. ಕೊನೆಯ ಪುಟ ಬಂತೆಂದರೆ ಒಂದು ಬಾಗಿಲು ಮುಚ್ಚಿದ ಅನುಭವ ಆಗೇ ಆಗುತ್ತದೆ.

'ಡಿಪಾರ್ಟ್‌ಮೆಂಟ್ ಆಫ್ ಟ್ರೂತ್' ಇದಕ್ಕೆ ತದ್ವಿರುದ್ಧ. ಸಾಕಷ್ಟು ಜನ ನಂಬಿದರೆ ಸುಳ್ಳೂ ನಿಜವಾಗಿಬಿಡುತ್ತದೆ ಎಂಬುದು ಜೇಮ್ಸ್ ಟಿನಿಯನ್ ಹೂಡಿದ ಕಥೆಯ ಬೀಜ. 2020ರಲ್ಲಿ ಬಂದಾಗ ಕಾಲಕ್ಕೆ ಹೇಳಿ ಮಾಡಿಸಿದಂತಿತ್ತು. ಮಾರ್ಟಿನ್ ಸಿಮಂಡ್ಸ್ ಬಣ್ಣ ಎರಚಿ, ಗೀಚಿ, ಒರೆಸಿ ಮಾಡಿದ ಪುಟಗಳನ್ನು ಗೋಡೆಗೆ ತೂಗುಹಾಕಬಹುದು. ತೊಂದರೆ ಎಲ್ಲಿ ಅಂದರೆ, ಸಂಚಿಕೆ ಸಂಚಿಕೆಗೂ ಇಬ್ಬರು ಎದುರುಬದುರು ಕೂತು ಮಾತಾಡುತ್ತಾರೆ, ಮಾತಾಡುತ್ತಲೇ ಇರುತ್ತಾರೆ. ಮಾತು ಚೆನ್ನಾಗಿದೆ. ಆದರೆ ತಾಳಮದ್ದಲೆಯಲ್ಲೂ ಒಂದು ಪ್ರಸಂಗ ಇರುತ್ತದೆ, ರಾತ್ರಿ ಮುಗಿಯುವುದರೊಳಗೆ ಯಾರೋ ಸೋಲುತ್ತಾರೆ. ಇಲ್ಲಿ ಸೋಲು ಗೆಲುವು ತಿಳಿಯಲು ಟ್ರೇಡ್ ಬರಬೇಕು. ನಡುವೆ ಅತಿಥಿ ಕಲಾವಿದರು ಚಿತ್ರಿಸಿದ ಬಿಡಿ ಕಥೆಯ ಸಂಚಿಕೆಗಳೇ ನನ್ನ ಮಟ್ಟಿಗೆ ಸರಣಿಯ ಜೀವ. ಅಂದಹಾಗೆ, ಈ ಮಾತಿನ ಮಳೆಯನ್ನು ಓದಲು ಬರುವಂತೆ ಪುಟದಲ್ಲಿ ಕೂರಿಸಿದವರು ಭಾರತದ ಆದಿತ್ಯ ಬಿಡಿಕರ್. ಕಾಮಿಕ್ಸ್‌ನಲ್ಲಿ ಅಕ್ಷರ ಜೋಡಿಸುವುದೂ ಒಂದು ಕಲೆ ಅಂತ ನನಗೆ ಗೊತ್ತಾದದ್ದು ಈ ದೇಶಕ್ಕೆ ಬಂದ ಮೇಲೆಯೇ.

ಹೆಸರಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಇಲ್ಲಿಯ ಸ್ವತಂತ್ರ ಕಾಮಿಕ್ಸ್‌ನಲ್ಲಿ ಮುಖಪುಟದ ಮೇಲೆ ಚಿತ್ರಕಾರನ ಹೆಸರು ಲೇಖಕನ ಹೆಸರಿನ ಪಕ್ಕದಲ್ಲೇ ಇರುತ್ತದೆ. ಸುಮ್ಮನೆ ಬಂದ ಗೌರವ ಅಲ್ಲ ಇದು. ಡೇವ್ ಸಿಮ್ ಎಂಬ ಕೆನಡಾದವರು 1977ರಿಂದ 2004ರವರೆಗೆ 'ಸೆರೆಬಸ್' ಎಂಬ ಸರಣಿಯ 300 ಸಂಚಿಕೆಗಳನ್ನು ತಮ್ಮದೇ ಪ್ರಕಾಶನದಿಂದ ತಂದರು. ಜೆಫ್ ಸ್ಮಿತ್ 'ಬೋನ್' ಸರಣಿಯನ್ನು 1991ರಲ್ಲಿ ಸ್ವಂತ ಖರ್ಚಿನಲ್ಲಿ ಶುರುಮಾಡಿ 55 ಸಂಚಿಕೆಗೆ ಮುಗಿಸಿದರು. 1992ರಲ್ಲಂತೂ ಮಾರ್ವೆಲ್‌ಗೆ ಚಿತ್ರ ಬರೆಯುತ್ತಿದ್ದ ಏಳು ಮಂದಿ ಹೊರಬಂದು ಇಮೇಜ್ ಸಂಸ್ಥೆ ಕಟ್ಟಿದರು. ಪಾತ್ರ ಹುಟ್ಟಿಸಿದವರದೇ ಹಕ್ಕು ಎಂಬುದು ಅದರ ಬುನಾದಿ.

ನಮ್ಮಲ್ಲಿ? ಅಮರ ಚಿತ್ರಕಥೆ ಎಂಬ ಹೆಸರು 1965ರಲ್ಲಿ ಮೊದಲು ಅಂಗಡಿಗೆ ಬಂದದ್ದೇ ಕನ್ನಡದಲ್ಲಿ. ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಆಸಕ್ತಿಯಿಂದ ಪರದೇಶದ ಮಕ್ಕಳ ಕಥೆಗಳು ಆ ಹೆಸರಿನಲ್ಲಿ ಬಂದವು. ಮುಂದೆ ಅದನ್ನು ಪುರಾಣ, ಇತಿಹಾಸಕ್ಕೆ ಹೊರಳಿಸಿ ಮನೆಮನೆಗೂ ಮುಟ್ಟಿಸಿದ ಅನಂತ ಪೈ ಕಾರ್ಕಳದವರು. ಇಷ್ಟು ಒಳ್ಳೆಯ ಶುರು ಯಾರಿಗಿತ್ತು! ಆದರೂ ಆ ಪುಟಗಳಿಗೆ ಚಿತ್ರ ಬರೆದವರ ಹೆಸರು ಹೇಳಿ ಅಂದರೆ ನನ್ನ ವಾರಿಗೆಯ ಓದುಗರು ತಡವರಿಸುತ್ತಾರೆ. ಬಾಲಮಂಗಳದ ಡಿಂಗ ಎಲ್ಲರಿಗೂ ಗೊತ್ತು, ಡಿಂಗನನ್ನು ಗೀಚಿದ ಕೈ ಯಾರದ್ದೆಂದು ಕೇಳಿದವರನ್ನು ನಾನು ನೋಡಿಲ್ಲ. ನಾಯಕನನ್ನು ನಾವು ಹೊತ್ತು ಮೆರೆಸಿದೆವು, ಬರೆದವನನ್ನು ಸಂಬಳಕ್ಕೆ ಬಿಟ್ಟೆವು. ಕನ್ನಡದಲ್ಲಿ ಒಬ್ಬ ಚಿತ್ರಕಾರ ಮೂವತ್ತು ವರ್ಷ ಒಂದೇ ಪಾತ್ರದೊಡನೆ ಬದುಕಿ, ಅದರಿಂದಲೇ ಅನ್ನ ತಿಂದು, ಅದಕ್ಕೆ ತಾನೇ ಯಜಮಾನನಾಗಿರುವ ಉದಾಹರಣೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಇಲ್ಲಿ ಅಂಥವರಿದ್ದಾರೆ. ಎರಿಕ್ ಲಾರ್ಸನ್ ಇಮೇಜ್ ಕಟ್ಟಿದ ಏಳು ಮಂದಿಯಲ್ಲಿ ಒಬ್ಬರು. 1992ರಲ್ಲಿ ಹಿಡಿದ 'ಸ್ಯಾವೇಜ್ ಡ್ರ್ಯಾಗನ್' ಅನ್ನು ಇನ್ನೂ ತಾವೇ ಬರೆದು ತಾವೇ ಚಿತ್ರಿಸುತ್ತಿದ್ದಾರೆ. ಪಾತ್ರಗಳಿಗೆ ನಮ್ಮಂತೆಯೇ ವಯಸ್ಸಾಗುತ್ತದೆ. ನಾಯಕನಾಗಿದ್ದ ಅಪ್ಪ ಸತ್ತು, ಮಗ ಮಾಲ್ಕಮ್ ಕಥೆಗೆ ಯಜಮಾನನಾಗಿ, ಈಗ ಅವನ ಮಕ್ಕಳೂ ಎದ್ದು ನಿಂತಿದ್ದಾರೆ. ಈಚಿನ ಸಂಚಿಕೆಗಳ ಗೆರೆ ಒರಟು, ಕೆಲವು ದೃಶ್ಯಗಳನ್ನಂತೂ ಮನೆಯಲ್ಲಿ ಮೇಜಿನ ಮೇಲೆ ಬಿಟ್ಟುಹೋಗುವ ಹಾಗಿಲ್ಲ. ಅದರ ಓದುಗರ ಪತ್ರಗಳನ್ನು ಮಾತ್ರ ನಾನು ತಪ್ಪದೆ ಓದುತ್ತೇನೆ. 'ಎರಿಕ್, ಈ ಸಲ ಕೆಡಿಸಿಬಿಟ್ಟೆ' ಅನ್ನುವ ಧಾಟಿಯಲ್ಲಿ ಓದುಗ ಶುರುಮಾಡುತ್ತಾನೆ, ಲಾರ್ಸನ್ ಅಷ್ಟೇ ಖಾರವಾಗಿ ಉತ್ತರ ಕೊಡುತ್ತಾರೆ. ನಾವು 'ಮಾನ್ಯರೇ' ಅಂತ ತೊಡಗಿ, ಕಥೆ ಮನೋಜ್ಞವಾಗಿತ್ತು, ಚಿತ್ರ ಪೂರಕವಾಗಿತ್ತು ಅಂತ ಬರೆದು ಊರಿನ ಹೆಸರು ಹಾಕಿ ಮುಗಿಸುವವರು. ಲೇಖಕರಿಗೆ ಅದು ನೆಮ್ಮದಿ, ಕಥೆಗೆ ಪ್ರಯೋಜನ ಇಲ್ಲ. 'ಸಾಗಾ'ದವರು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಅಂಚೆಯಲ್ಲಿ ಬಂದ ಕಾಗದದ ಪತ್ರವನ್ನಷ್ಟೇ ಅಚ್ಚು ಹಾಕುತ್ತಾರೆ. ಆ ಪುಟಗಳು ಟ್ರೇಡ್‌ನಲ್ಲಿ ಸಿಗುವುದಿಲ್ಲ. ಎಡ್ ಬ್ರೂಬೇಕರ್ ಮತ್ತು ಶಾನ್ ಫಿಲಿಪ್ಸ್ ತಮ್ಮ 'ಕ್ರಿಮಿನಲ್' ಸರಣಿಯ ಹಿಂದಿನ ಪುಟಗಳಲ್ಲಿ ಹಳೆಯ ಅಪರಾಧ ಸಿನಿಮಾಗಳ ಬಗ್ಗೆ ಲೇಖನ ಹಾಕಿ, ಅದನ್ನು ಬಿಡಿ ಸಂಚಿಕೆ ಕೊಂಡವರಿಗೇ ಮೀಸಲಿಟ್ಟಿದ್ದರು. ಕಂತಿನ ಗಿರಾಕಿಗೆ ಮರ್ಯಾದೆ ಕೊಡುವುದು ಅಂದರೆ ಹೀಗೆ. ಅದೇ ಒಂದು ಸಂಚಿಕೆಗೆ ಐದು ಬಗೆಯ ಮುಖಪುಟ ಹಚ್ಚಿ ಮಾರುವುದಕ್ಕೆ ನಾನು ಬೇರೆ ಹೆಸರು ಇಡುತ್ತೇನೆ.

ಸಂಗ್ರಹದ ರೀತಿಯಲ್ಲೂ ನಾವು ಮತ್ತು ಇವರು ಉತ್ತರ ದಕ್ಷಿಣ. ನಮ್ಮ ಹೆಂಗಸರು ಇಷ್ಟವಾದ ಧಾರಾವಾಹಿಯ ಹಾಳೆಗಳನ್ನು ವಾರವಾರ ಹರಿದಿಟ್ಟು, ಮುಗಿದ ಮೇಲೆ ದಬ್ಬಳದಲ್ಲಿ ಹೊಲಿದು, ರಟ್ಟು ಹಾಕಿ ಓಣಿಯಲ್ಲೆಲ್ಲ ಓಡಾಡಲು ಬಿಡುತ್ತಿದ್ದರು. ಟ್ರೇಡ್ ಅಲ್ಲದೆ ಮತ್ತೇನದು? ಇಲ್ಲಿ ಪ್ರತಿಯನ್ನು ಪ್ಲಾಸ್ಟಿಕ್ ಚೀಲಕ್ಕಿಳಿಸಿ, ಹಿಂದೆ ರಟ್ಟಿಟ್ಟು, ಡಬ್ಬದಲ್ಲಿ ನಿಲ್ಲಿಸುತ್ತಾರೆ. ಮೂಲೆ ಮಡಚಿದರೆ ಬೆಲೆ ಹೋಯಿತು. ನಾನು ಮಡಚಿಯೇ ಓದುತ್ತೇನೆ, ಅಂಗಡಿಯವರ ಮುಖ ಹುಳ್ಳಗಾದರೂ ಸರಿ.

ಕನ್ನಡಿಗನಾಗಿ ಒಂದು ಸರಣಿಯ ಮೇಲೆ ನನಗೆ ವಿಶೇಷ ಕಣ್ಣು. ಭಾರತದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ರಾಮ್ ವಿ., ಚಿತ್ರಕಾರ ಸುಮಿತ್ ಕುಮಾರ್ ಜೊತೆ ತಂದ 'ದೀಸ್ ಸ್ಯಾವೇಜ್ ಶೋರ್ಸ್', ಐದೇ ಸಂಚಿಕೆಗಳದ್ದು. ಕಾಲ 1766, ಹೈದರಾಲಿ ಮಲಬಾರಿನ ಮೇಲೆ ನುಗ್ಗಿದ ವರ್ಷ. ಲಂಡನ್ನಿನಿಂದ ರಕ್ತ ಹೀರುವ ಒಬ್ಬ ದೊರೆ ಹಡಗು ಹತ್ತಿ ಕಲ್ಲಿಕೋಟೆಗೆ ಬರುತ್ತಾನೆ, ಅಲ್ಲಿ ಅವನಿಗಿಂತ ಹಳಬ ರಾಕ್ಷಸನೊಬ್ಬ ಕಾದಿರುತ್ತಾನೆ. ಕಂಪನಿ ಸರ್ಕಾರವನ್ನು ನೆತ್ತರು ಹೀರುವವರ ಸಾಲಿಗೆ ಸೇರಿಸಿದ ಯೋಚನೆ ಭೇಷ್. ನನ್ನ ಕೊರಗು ಮೈಸೂರಿನದ್ದು. ಹೈದರ್, ಟಿಪ್ಪು ಹೆಸರುಗಳು ಬಂದುಹೋಗುತ್ತವೆ, ಶ್ರೀರಂಗಪಟ್ಟಣದ ಬಿಸಿಲು ಮಾತ್ರ ಪುಟಕ್ಕೆ ತಾಗುವುದಿಲ್ಲ. ಅದೇ ಲೇಖಕರು ಫಿಲಿಪೆ ಆಂದ್ರಾದೆ ಜೊತೆ 2021ರಲ್ಲಿ ತಂದ 'ಲೈಲಾ ಸ್ಟಾರ್' ಸರಣಿಯಲ್ಲಿ ಕೆಲಸ ಕಳೆದುಕೊಂಡ ಮೃತ್ಯುದೇವತೆ ಮುಂಬಯಿಯ ಹುಡುಗಿಯೊಬ್ಬಳ ಮೈಯಲ್ಲಿ ಬಂದಿಳಿಯುತ್ತಾಳೆ. ಸಂಚಿಕೆಗೊಂದು ಸಾವು, ಸಂಚಿಕೆಗೊಂದು ಪೂರ್ಣ ಕಥೆ. ಐದನ್ನೂ ಬೇತಾಳನ ಮುಂದೆ ಧೈರ್ಯವಾಗಿ ಇಡಬಹುದು.

ಇಷ್ಟೆಲ್ಲ ಕೊಂಕು ತೆಗೆಯುವವನು ಟ್ರೇಡ್ ಬರುವವರೆಗೆ ಕಾಯಬಾರದೇ ಅಂತ ಮನೆಯಲ್ಲೂ ಕೇಳುತ್ತಾರೆ. ಅಲ್ಲೇ ಇರುವುದು ಪೇಚು. ನಮ್ಮೂರ ಪತ್ರಿಕೆ ಏಜೆಂಟರಿಗೆ ಮಾರಾಟವಾಗದ ಪ್ರತಿ ಹಿಂದಿರುಗಿಸುವ ರೂಢಿ ಗೊತ್ತು. ಇಲ್ಲಿ 1970ರ ದಶಕದಲ್ಲಿ ಫಿಲ್ ಸ್ಯೂಲಿಂಗ್ ಎಂಬ ಕಾಮಿಕ್ಸ್ ವ್ಯಾಪಾರಿ ಹುಟ್ಟುಹಾಕಿದ ವ್ಯವಸ್ಥೆಯಲ್ಲಿ ಅಂಗಡಿಯವನಿಗೆ ರಿಯಾಯಿತಿ ಹೆಚ್ಚು, ವಾಪಸಾತಿ ಇಲ್ಲ. ಉಳಿದದ್ದು ಅವನ ತಲೆಯ ಮೇಲೆಯೇ. ಹಾಗಾಗಿ ಹೊಸ ಸರಣಿಯ ಎರಡನೆಯ, ಮೂರನೆಯ ಸಂಚಿಕೆಗೆ ಅವನು ಅಳೆದು ಸುರಿದು ಆರ್ಡರ್ ಹಾಕುತ್ತಾನೆ. ತಿಂಗಳಿಗೆ ಕೊಳ್ಳುವವರು ಮುಂಚೆಯೇ ಹೆಸರು ಬರೆಸದಿದ್ದರೆ ಆರನೆಯ ಸಂಚಿಕೆಯೇ ಹುಟ್ಟುವುದಿಲ್ಲ, ಟ್ರೇಡ್ ಎಲ್ಲಿಂದ ಬಂತು? ಸಾಲದ್ದಕ್ಕೆ ದಶಕಗಳಿಂದ ಈ ಸರಕೆಲ್ಲ ಸಾಗಿಸುತ್ತಿದ್ದ ಡೈಮಂಡ್ ಎಂಬ ವಿತರಕ ಸಂಸ್ಥೆ 2025ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ದೊಡ್ಡವರು ಮೊದಲೇ ಬೇರೆ ದಾರಿ ನೋಡಿಕೊಂಡಿದ್ದರು, ಪೆಟ್ಟು ತಿಂದವರು ಸಣ್ಣ ಪ್ರಕಾಶಕರು.

ಆದ್ದರಿಂದ ಸದ್ಯಕ್ಕೆ ಅಂಗಡಿಯಲ್ಲಿ ನನ್ನ ಹೆಸರಿನ ಪಟ್ಟಿ ಹೀಗಿದೆ. 'ಐಸ್ ಕ್ರೀಮ್ ಮ್ಯಾನ್', 'ಸಾಗಾ' ಇರುತ್ತವೆ. 'ಸ್ಯಾವೇಜ್ ಡ್ರ್ಯಾಗನ್' ಬೈಯುತ್ತಲೇ ಕೊಳ್ಳುತ್ತೇನೆ. 'ಡಿಪಾರ್ಟ್‌ಮೆಂಟ್ ಆಫ್ ಟ್ರೂತ್' ಅನ್ನು ಟ್ರೇಡ್‌ಗೆ ಬಿಟ್ಟಿದ್ದೇನೆ. ಅದಕ್ಕೆ ಓದುಗರ ಬಲ ಸಾಕಷ್ಟಿದೆ, ನನ್ನ ನಾಲ್ಕು ಡಾಲರಿಗೆ ಅದೇನೂ ಕಾದಿಲ್ಲ. ಖಾಲಿಯಾದ ಆ ಜಾಗಕ್ಕೆ ಯಾವುದಾದರೂ ಹೊಸಬರ ಒಂದನೆಯ ಸಂಚಿಕೆಯನ್ನು, ಜೊತೆಗೆ ಎರಡನೆಯದನ್ನೂ, ಓದುವ ಮುಂಚೆಯೇ ಬರೆಸಿಬಿಡುತ್ತೇನೆ.